ವರ್ಷಫಲದ ಓಲೆಗಳು ಮತ್ತು ಜೈನರ ನಿಮಿತ್ತದೃಷ್ಟಿ

ಓಲೆಯ ಕಟ್ಟುಗಳನ್ನು ಬಿಚ್ಚಿ ನೋಡುವ ವಿದ್ವಾಂಸರಿಗೆ ವರ್ಷಫಲ, ಸಂವತ್ಸರಫಲ, ಮಳೆಶಾಸ್ತ್ರ, ಶಕುನ ಮುಂತಾದ ಹೆಸರುಗಳ ಬಿಡಿ ಗರಿಗಳು ಅಪರಿಚಿತವಲ್ಲ. ಬರುವ ವರ್ಷದ ಅರಸನು ಯಾವ ಗ್ರಹ, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ಧಾನ್ಯಕ್ಕೆ ಬೆಲೆ ಏರೀತು, ಎಲ್ಲಿ ರೋಗಭಯ ಎಂಬುದಿಷ್ಟೇ ಅವುಗಳ ವಿಷಯ. ಸೂಚಿಯನ್ನು ಸಿದ್ಧಪಡಿಸುವವರು ಇಂತಹ ಗರಿಗಳನ್ನು 'ಜ್ಯೋತಿಷ, ಅಪೂರ್ಣ' ಎಂಬ ಒಂದು ಮಾತಿನಲ್ಲಿ ಮುಗಿಸುವುದು ಸಾಮಾನ್ಯ. ವರ್ಷ ಕಳೆದ ಮೇಲೆ ವರ್ಷಫಲಕ್ಕೆ ಬೆಲೆಯಿಲ್ಲವೆಂಬ ಭಾವನೆ ಇದಕ್ಕೆ ಒಂದು ಕಾರಣ; ಸಮ್ಯಗ್ದೃಷ್ಟಿಯಾದ ಶ್ರಾವಕನಿಗೆ ಗ್ರಹಫಲದ ಚಿಂತೆ ತಕ್ಕುದಲ್ಲವೆಂಬ ಸಂಕೋಚ ಇನ್ನೊಂದು. ಈ ಎರಡೂ ಕಾರಣಗಳು ಪರಿಶೀಲನೆಗೆ ನಿಲ್ಲುವುದಿಲ್ಲವೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವರ್ಷಫಲವನ್ನು ಜೈನಾಚಾರ್ಯರು ಯಾವ ಮಿತಿಯಲ್ಲಿ ಒಪ್ಪಿದರು, ಅದರ ಸಂಕೇತಗಳ ಹಿಂದೆ ಇರುವ ಲೆಕ್ಕವೇನು, ಕಳೆದುಹೋದ ವರ್ಷದ ಫಲದಿಂದ ಇಂದಿನ ಸಂಶೋಧಕನಿಗೆ ಆಗುವ ಪ್ರಯೋಜನವೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಶಾಸ್ತ್ರದ ಮಾತಿಗೆ ಮೊದಲು ನೆಲದ ಮಾತನ್ನು ನೋಡುವುದು ಒಳ್ಳೆಯದು. ವರ್ಷಫಲವು ಯಾರಿಗೆ ಬೇಕಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಕೋಲಾರ ಜಿಲ್ಲೆಯ ಬಂಗಾರಪೇಟೆಗೆ ದಕ್ಷಿಣದಲ್ಲಿ, ಮಾರ್ಕಂಡೇಯ ನದಿಯ ದಂಡೆಯ ಮೇಲೆ ಬೂದಿಕೋಟೆಯಿದೆ. ಹೈದರಾಲಿಯ ಜನ್ಮಸ್ಥಳವೆಂದು ಇತಿಹಾಸಜ್ಞರಿಗೆ ಈ ಊರಿನ ಪರಿಚಯವುಂಟು. ಮಾರ್ಕಂಡೇಯ ನದಿ ಮುಂದೆ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ; ಸಮೀಪದ ಬೇತಮಂಗಲದ ಕಡೆ ಪಾಲಾರ್ ಹರಿಯುತ್ತದೆ. ಈ ಹೊಳೆಗಳಾವುವೂ ವರ್ಷವಿಡೀ ತುಂಬಿ ಹರಿಯುವವಲ್ಲ. ನಾಡು ಬದುಕಿದ್ದು ಕೆರೆಗಳಿಂದ, ಕೆರೆಗಳು ಬದುಕಿದ್ದು ಮಳೆಯಿಂದ. ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ; ಅದು ಬಾಣ ಅರಸನ ಹೆಸರಿನಿಂದ ಬಂದದ್ದು. ಅಲ್ಲಿಯ ದೊಡ್ಡ ಕೆರೆ ಒಡೆದುಹೋಗಿ, ಹತ್ತನೆಯ ಶತಮಾನದ ನಡುವಿನಲ್ಲಿ ಇರಿವ ನೊಳಂಬನ ಕಾಲದಲ್ಲಿ ಮತ್ತೆ ಕಟ್ಟಿಸಲ್ಪಟ್ಟುದನ್ನು ಶಾಸನವು ತಿಳಿಸುತ್ತದೆ. ಇಂತಹ ಸೀಮೆಯಲ್ಲಿ 'ಮುಂದಿನ ವರ್ಷ ಹೇಗೆ' ಎಂಬ ಪ್ರಶ್ನೆ ಕುತೂಹಲದ್ದಲ್ಲ. ಬಿತ್ತನೆಯ ಬೀಜವನ್ನು ಉಳಿಸಿಕೊಳ್ಳಬೇಕೆ, ಕಣಜದ ರಾಗಿಯನ್ನು ಮಾರಬಹುದೆ, ಏರಿಯನ್ನು ಈಗಲೇ ಭದ್ರಪಡಿಸಬೇಕೆ ಎಂಬುದೇ ಆ ಪ್ರಶ್ನೆಯ ಅರ್ಥ.

ಇದೇ ನಾಡು ಜೈನರಿಗೆ ಬೇರೊಂದು ಬಗೆಯಿಂದಲೂ ಪೂಜ್ಯವಾದುದು. ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡರು. ಕುವಳಾಲವೇ ಇಂದಿನ ಕೋಲಾರ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಗಂಗರಾಜ್ಯ ನೆಲೆಗೊಂಡಿತೆಂಬ ಸಂಪ್ರದಾಯವನ್ನು ಹನ್ನೆರಡನೆಯ ಶತಮಾನದ ಕಲ್ಲೂರಗುಡ್ಡ ಶಾಸನವು ವಿಸ್ತಾರವಾಗಿ ಹೇಳುತ್ತದೆ. ಆದುದರಿಂದ ಕೆರೆಗಳ ಈ ನಾಡಿನ ಆತಂಕವೂ ಜೈನರ ಕಾಲವಿಚಾರವೂ ಒಂದಕ್ಕೊಂದು ದೂರದವಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಜ್ಯೋತಿಷ್ಕ ದೇವರನ್ನು ಐದು ಬಗೆಯಾಗಿ ಎಣಿಸಿ, ಅವರು ಮನುಷ್ಯಲೋಕದಲ್ಲಿ ಮೇರುವನ್ನು ಸುತ್ತಿ ನಿತ್ಯವೂ ಚಲಿಸುವರೆಂದೂ, ಕಾಲದ ವಿಭಾಗವು ಅವರಿಂದಾಗುವುದೆಂದೂ ಹೇಳಿದ್ದಾರೆ. ಈ ಮಾತಿನ ಮಿತಿಯನ್ನು ಗಮನಿಸಬೇಕು. ಸೂರ್ಯಚಂದ್ರರು ಮಾಡುವುದು ಕಾಲವಿಭಾಗವನ್ನು; ಸುಖದುಃಖಗಳನ್ನಲ್ಲ. ಸುಖದುಃಖಗಳಿಗೆ ಜೀವನ ಸ್ವಂತ ಕರ್ಮವೇ ಕಾರಣ. ಆ ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ಸಹಕಾರಿಗಳೆಂದು ಸಿದ್ಧಾಂತಗ್ರಂಥಗಳು ಹೇಳುತ್ತವೆ. ಕಾಲವು ಈ ನಾಲ್ಕರಲ್ಲಿ ಒಂದು ಮಾತ್ರ.

ಈ ಕಾಲವಿಭಾಗದಲ್ಲಿ ಜೈನರ ವರ್ಷ ಎಲ್ಲಿಂದ ಮೊದಲಾಗುತ್ತದೆಂಬುದೂ ಅರ್ಥಪೂರ್ಣವಾಗಿದೆ. ಆಗಮೋಕ್ತ ಯುಗವು ಐದು ವರ್ಷಗಳದು. ಅದರಲ್ಲಿ ೧೮೩೦ ದಿನಗಳು, ೬೦ ಸೌರಮಾಸಗಳು, ೬೧ ಸಾವನಮಾಸಗಳು, ೬೨ ಚಾಂದ್ರಮಾಸಗಳು, ೬೭ ನಾಕ್ಷತ್ರಮಾಸಗಳು. ಶ್ರಾವಣ ಕೃಷ್ಣ ಪ್ರತಿಪದೆಯಂದು ಚಂದ್ರನು ಅಭಿಜಿತ್ ನಕ್ಷತ್ರದೊಡನೆ ಕೂಡಿದಾಗ ಯುಗಾರಂಭ. ನಮ್ಮ ಅಮಾಂತ ಗಣನೆಯಲ್ಲಿ ಇದು ಆಷಾಢ ಬಹುಳ ಪಾಡ್ಯ. ವಿಪುಲಾಚಲದಲ್ಲಿ ಭಗವಾನ್ ಮಹಾವೀರರ ದಿವ್ಯಧ್ವನಿ ಮೊದಲು ಹೊರಟ ದಿನವೆಂದು ವೀರಶಾಸನ ಜಯಂತಿಯನ್ನು ಆಚರಿಸುವುದೂ ಅಂದೇ. ಆ ಹೊತ್ತಿಗೆ ಮುನಿಗಳು ವರ್ಷಾಯೋಗದಲ್ಲಿ ನೆಲೆ ನಿಂತಿರುತ್ತಾರೆ. ಲೋಕದ ಯುಗಾದಿ ಚೈತ್ರದಲ್ಲಿ, ವೀರನಿರ್ವಾಣ ಸಂವತ್ಸರದ ಆರಂಭ ಕಾರ್ತಿಕದಲ್ಲಿ. ಆದರೆ ಆಗಮದ ಯುಗ ತೆರೆಯುವುದು ಮಳೆಯಲ್ಲಿ. 'ವರ್ಷ' ಎಂಬ ಶಬ್ದಕ್ಕೆ ಸಂವತ್ಸರವೆಂದೂ ಮಳೆಯೆಂದೂ ಇರುವ ಎರಡು ಅರ್ಥಗಳು ಇಲ್ಲಿ ಒಂದಾಗಿವೆ.

ಆಗಮದ ವರ್ಷ ೩೬೬ ದಿನಗಳದು. ನಿಜವಾದ ಸೌರವರ್ಷ ೩೬೫ ದಿನಗಳ ಮೇಲೆ ಸುಮಾರು ಕಾಲು ದಿನ. ಒಂದು ಯುಗಕ್ಕೆ ಸುಮಾರು ಮೂರೂಮುಕ್ಕಾಲು ದಿನಗಳ ಅಂತರ ಬೀಳುತ್ತದೆ. ಈ ಕಾರಣದಿಂದ ಮಧ್ಯಯುಗದ ಜೈನಜ್ಯೋತಿಷಿಗಳು ಲೋಕವ್ಯವಹಾರಕ್ಕೆ ಆರ್ಯಭಟನೇ ಮೊದಲಾದವರ ಸಿದ್ಧಾಂತಗಣಿತವನ್ನು ಹಿಡಿದರು. ಆಗಮದ ಲೋಕವರ್ಣನೆಯನ್ನು ಬಿಡದೆ, ಲೋಕದ ಲೆಕ್ಕವನ್ನೂ ತಪ್ಪಿಸದೆ ನಡೆದುಕೊಂಡ ಈ ರೀತಿ ವರ್ಷಫಲದ ವಿಷಯದಲ್ಲೂ ಕಂಡುಬರುತ್ತದೆ.

ನಿಮಿತ್ತಜ್ಞಾನವು ಜಿನಾಗಮಕ್ಕೆ ಹೊರಗಿನದಲ್ಲ. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂಬ ಅಷ್ಟಾಂಗ ಮಹಾನಿಮಿತ್ತಗಳನ್ನು ವಿದ್ಯಾನುವಾದ ಪೂರ್ವದ ವಿಷಯವೆಂದೂ, ಗ್ರಹನಕ್ಷತ್ರಗಳ ಗತಿಯನ್ನು ಕಲ್ಯಾಣವಾದ ಪೂರ್ವದ ವಿಷಯವೆಂದೂ ಪರಂಪರೆ ಹೇಳುತ್ತದೆ. ದಕ್ಷಿಣದ ದಿಗಂಬರ ಸಂಘದ ಇತಿಹಾಸವೇ ಒಂದು ನಿಮಿತ್ತದಿಂದ ಆರಂಭವಾಗುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, ಸುಮಾರು ಕ್ರಿ.ಶ. ೬೦೦ರ ಶಾಸನದಲ್ಲಿ, ಅಷ್ಟಾಂಗನಿಮಿತ್ತವನ್ನು ಬಲ್ಲ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುಂಗಂಡು ತಿಳಿಸಲು, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಕ್ಕೆ ನಡೆಯಿತೆಂದು ಹೇಳಿದೆ. ಈ ಭದ್ರಬಾಹುಗಳು ಶ್ರುತಕೇವಲಿಗಳೇ ಅಥವಾ ಅವರ ಪರಂಪರೆಯಲ್ಲಿ ಬಂದ ಬೇರೊಬ್ಬರೇ ಎಂಬ ಚರ್ಚೆ ಹಳೆಯದು. ಅದು ಇಲ್ಲಿ ಅಪ್ರಸ್ತುತ. ಹರಿಷೇಣನ ಬೃಹತ್ಕಥಾಕೋಶ (೯೩೧) ಮತ್ತು ನಮ್ಮ ವಡ್ಡಾರಾಧನೆಗಳಲ್ಲಿಯೂ ಈ ವೃತ್ತಾಂತ ಬೇರೆಬೇರೆ ರೂಪಗಳಲ್ಲಿ ಬಂದಿದೆ. ಚಂದ್ರಗುಪ್ತನು ಕಂಡ ಹದಿನಾರು ಕನಸುಗಳ ಕಥೆಯಲ್ಲಿ ಹನ್ನೆರಡು ಹೆಡೆಯ ಸರ್ಪವೊಂದು ಬರುತ್ತದೆ. ಅದು ಹನ್ನೆರಡು ವರ್ಷಗಳ ಕ್ಷಾಮದ ಸಂಕೇತ.

ಈ ವೃತ್ತಾಂತದ ಅಂತರಾರ್ಥವನ್ನು ಸರಿಯಾಗಿ ಗ್ರಹಿಸಬೇಕು. ಭದ್ರಬಾಹುಗಳು ಬರವನ್ನು ತಡೆಯಲು ಶಾಂತಿಯನ್ನು ಮಾಡಿಸಲಿಲ್ಲ, ಮೇಘಗಳನ್ನು ಕರೆಯಲಿಲ್ಲ. ಭಿಕ್ಷೆ ದುರ್ಲಭವಾದ ನಾಡಿನಲ್ಲಿ ಚಾರಿತ್ರವು ಉಳಿಯದೆಂದು ತಿಳಿದು ಸಂಘವನ್ನು ಹೊರಡಿಸಿದರು. ಹೆಡೆಗಳು ಬರವನ್ನು ತಂದವಲ್ಲ, ತಿಳಿಸಿದವು. ಜೈನಶಾಸ್ತ್ರದಲ್ಲಿ 'ನಿಮಿತ್ತ' ಶಬ್ದಕ್ಕೆ ಎರಡು ಅರ್ಥಗಳುಂಟು. ಉಪಾದಾನಕ್ಕೆ ಪ್ರತಿಯಾಗಿ ಹೇಳುವಾಗ ಅದು ಸಹಕಾರಿಕಾರಣ. ಅಷ್ಟಾಂಗನಿಮಿತ್ತ ಎನ್ನುವಾಗ ಅದು ಕುರುಹು. ಮೊದಲನೆಯದು ಕಾರಕ, ಎರಡನೆಯದು ಸೂಚಕ. ಹೊಗೆ ಬೆಂಕಿಯನ್ನು ಹುಟ್ಟಿಸದೆ ತಿಳಿಸುವಂತೆ, ಗ್ರಹವೂ ಮೇಘವೂ ಸ್ವಪ್ನವೂ ಬರುವುದನ್ನು ತಿಳಿಸುತ್ತವೆ. ಇವೆರಡನ್ನು ಬೆರೆಸಿದಲ್ಲಿ ಮಿಥ್ಯಾತ್ವ ಮೊದಲಾಗುತ್ತದೆ. ಬೇರೆಯಾಗಿಟ್ಟಲ್ಲಿ ಶಾಸ್ತ್ರ ಉಳಿಯುತ್ತದೆ.

ಆಚಾರ್ಯರು ಇನ್ನೊಂದು ಬೇಲಿಯನ್ನೂ ಹಾಕಿದ್ದಾರೆ. ವಟ್ಟಕೇರರ ಮೂಲಾಚಾರದಲ್ಲಿ ಮುನಿಯ ಆಹಾರಕ್ಕೆ ಸಂಬಂಧಿಸಿದ ಹದಿನಾರು ಉತ್ಪಾದನದೋಷಗಳಲ್ಲಿ ನಿಮಿತ್ತವೂ ಒಂದು. ಫಲವನ್ನು ಹೇಳಿ ಅನ್ನವನ್ನು ಪಡೆಯುವುದು ದೋಷ. ತಿಳಿವು ನಿಷಿದ್ಧವಲ್ಲ, ಅದರಿಂದ ಜೀವಿಕೆ ನಿಷಿದ್ಧ. ಗೃಹಸ್ಥನ ಪಕ್ಷದಲ್ಲಿ ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ವರವನ್ನು ಬಯಸಿ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆಯೆಂದರು. ಹೀಗೆ, ಗ್ರಹವು ಸುಖವನ್ನು ಕೊಡುವುದೆಂದು ಬೇಡುವುದು ಒಂದು. ಗ್ರಹಗತಿಯಿಂದ ಕಾಲವನ್ನು ಅರಿತು ಎಚ್ಚರವಹಿಸುವುದು ಬೇರೊಂದು. ಬಸದಿಗಳಲ್ಲಿ ನಡೆಯುವ ನವಗ್ರಹ ವಿಧಾನದಲ್ಲಿ ಸೂರ್ಯನಿಗೆ ಪದ್ಮಪ್ರಭ, ಚಂದ್ರನಿಗೆ ಚಂದ್ರಪ್ರಭ, ಶನಿಗೆ ಮುನಿಸುವ್ರತ, ರಾಹುವಿಗೆ ನೇಮಿನಾಥ ಎಂಬಂತೆ ಗ್ರಹಗಳನ್ನು ತೀರ್ಥಂಕರರ ಅಧೀನದಲ್ಲಿ ಇರಿಸಿರುವುದರ ಆಶಯವೂ ಇದೇ. ಅಲ್ಲಿ ಪೂಜೆ ಜಿನರಿಗೆ. ಗ್ರಹವು ನೆನಪಿಗೆ ಒಂದು ಗುರುತು.

ಈ ಬೇಲಿಯೊಳಗೆ ಕನ್ನಡದಲ್ಲಿ ಬೆಳೆದ ಸಾಹಿತ್ಯವು ಸಾಮಾನ್ಯವಾದುದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರವು ಪಂಚಾಂಗ, ಮುಹೂರ್ತ, ಮಳೆ, ಅಂತರ್ಜಲ, ವೃಕ್ಷಾಯುರ್ವೇದ, ಪಾಕಗಳನ್ನು ಒಂದೇ ಕೃತಿಯಲ್ಲಿ ಕೂಡಿಸಿತು. ನರಗುಂದದ ಜೈನಕವಿ ಶ್ರೀಧರಾಚಾರ್ಯನು ಶಕ ೯೭೧ರಲ್ಲಿ, ಎಂದರೆ ೧೦೪೯ರಲ್ಲಿ, ಆಹವಮಲ್ಲನ ಆಳಿಕೆಯಲ್ಲಿ ಜಾತಕತಿಲಕವನ್ನು ರಚಿಸಿದನು. ಕನ್ನಡದಲ್ಲಿ ಜ್ಯೋತಿಷಕ್ಕಾಗಿಯೇ ಹುಟ್ಟಿದ ಮೊದಲ ಗ್ರಂಥ ಅದು. ಆದರೆ ಜಾತಕವು ವ್ಯಕ್ತಿಗೆ ಸಂಬಂಧಿಸಿದುದು. ವರ್ಷಫಲವು ನಾಡಿಗೆ ಸಂಬಂಧಿಸಿದುದು. ಈ ಎರಡನೆಯ ಮಾರ್ಗದಲ್ಲಿ ಮುಖ್ಯವಾದ ಕನ್ನಡ ಕೃತಿಯೆಂದರೆ ಸುಮಾರು ೧೩೦೦ರಲ್ಲಿದ್ದ, ಅರ್ಹದ್ದಾಸನೆಂಬ ಹೆಸರೂ ಉಳ್ಳ ರಟ್ಟಕವಿಯ ರಟ್ಟಮತ. ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳೇ ಅದರ ವಸ್ತು. ರಟ್ಟಮತವನ್ನು ಭಾಸ್ಕರನೆಂಬ ಕವಿ ತೆಲುಗಿಗೆ ತಂದನೆಂದು ಕವಿಚರಿತೆಯಿಂದ ತಿಳಿಯುತ್ತದೆ. ಕನ್ನಡ ತೆಲುಗುಗಳೆರಡೂ ಕೇರಿಕೇರಿಯಲ್ಲಿ ಕೇಳಿಬರುವ ಬೂದಿಕೋಟೆಯಂತಹ ಸೀಮೆಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಬರಕ್ಕೆ ಭಾಷೆಯ ಗಡಿಯಿಲ್ಲ. ಮಳೆಯ ಶಾಸ್ತ್ರಕ್ಕೂ ಇರಲಿಲ್ಲ.

ಕನ್ನಡದ ಹೊರಗೂ ಜೈನರು ಈ ಶಾಖೆಯನ್ನು ಬೆಳೆಸಿದರು. ಭದ್ರಬಾಹುವಿನ ಹೆಸರಿನಲ್ಲಿ ಪ್ರಚಲಿತವಾಗಿರುವ, ಆದರೆ ಶ್ರುತಕೇವಲಿಗಳಿಗಿಂತ ಬಹಳ ಈಚಿನದಾದ ಭದ್ರಬಾಹುಸಂಹಿತೆಯಲ್ಲಿ ಉಲ್ಕೆ, ಪರಿವೇಷ, ವಿದ್ಯುತ್ತು, ಸಂಧ್ಯೆ, ಮೇಘ, ವಾತ, ಮೇಘಗರ್ಭಗಳ ವಿಚಾರವಿದೆ. ೧೦೩೨ರಲ್ಲಿ ರಿಷ್ಟಸಮುಚ್ಚಯವನ್ನು ಬರೆದ ದುರ್ಗದೇವನಿಗೆ ಅರ್ಘಕಾಂಡವೆಂಬ ಪ್ರಾಕೃತ ಕೃತಿಯೂ ಉಂಟು. ಅದರ ವಿಷಯ ಸರಕಿನ ಬೆಲೆಯ ಏರಿಳಿತ. ಶ್ವೇತಾಂಬರ ಮೇಘವಿಜಯರ ವರ್ಷಪ್ರಬೋಧ ಮಳೆಗಾಗಿಯೇ ಮೀಸಲಾದುದು. ಮಳೆ ಮತ್ತು ಬೆಲೆ ಎಂಬ ಎರಡೇ ಮಾತುಗಳಲ್ಲಿ ಈ ಸಾಹಿತ್ಯವನ್ನು ಸಂಗ್ರಹಿಸಬಹುದು. ವಣಿಜರಾಗಿದ್ದ ಶ್ರಾವಕರಿಗೆ ಧಾನ್ಯದ ಬೆಲೆ ಲಾಭದ ಪ್ರಶ್ನೆಯಾಗಿದ್ದಂತೆ, ಆಹಾರದಾನ ಧರ್ಮವಾಗಿದ್ದವರಿಗೆ ಅದು ಕರ್ತವ್ಯದ ಪ್ರಶ್ನೆಯೂ ಆಗಿತ್ತು.

ಇನ್ನು ವರ್ಷದ 'ರಾಜ್ಯಾಂಗ'ವನ್ನು ಪರೀಕ್ಷಿಸೋಣ. ಪಂಚಾಂಗಗಳ ವಾಡಿಕೆಯಂತೆ ಚೈತ್ರ ಶುಕ್ಲ ಪ್ರತಿಪದೆ ಯಾವ ವಾರ ಬರುವುದೋ ಆ ವಾರದ ಅಧಿಪತಿಯೇ ವರ್ಷದ ರಾಜ. ಮೇಷಸಂಕ್ರಮಣದ ವಾರಾಧಿಪತಿ ಮಂತ್ರಿ. ಕರ್ಕಸಂಕ್ರಮಣದಿಂದ ಸಸ್ಯಾಧಿಪತಿ, ಸಿಂಹದಿಂದ ಸೇನಾಧಿಪತಿ, ಧನುಸ್ಸಿನಿಂದ ಧಾನ್ಯಾಧಿಪತಿ, ಸೂರ್ಯನ ಆರ್ದ್ರಾಪ್ರವೇಶದಿಂದ ಮೇಘಾಧಿಪತಿ. ಕೇಳಲು ಇದು ಆಸ್ಥಾನವೇ ಸರಿ. ಆದರೆ ಲೆಕ್ಕವನ್ನು ನೋಡಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಸೌರಸಂಕ್ರಮಣಗಳ ನಡುವಣ ಅಂತರಗಳು ಬಹುಮಟ್ಟಿಗೆ ನಿಶ್ಚಿತ. ಮಂತ್ರಿಯ ವಾರ ತಿಳಿದರೆ ಸಸ್ಯಾಧಿಪತಿ, ಸೇನಾಧಿಪತಿ ಮೊದಲಾದವರ ವಾರಗಳು ಒಂದು ದಿನದ ವ್ಯತ್ಯಾಸದೊಳಗೆ ತಾವಾಗಿಯೇ ತಿಳಿಯುತ್ತವೆ. ಸೌರವರ್ಷವು ಐವತ್ತೆರಡು ವಾರಗಳ ಮೇಲೆ ಒಂದು ದಿನ ಆರು ಗಂಟೆಗಳಷ್ಟು ಹೆಚ್ಚಾಗಿರುವುದರಿಂದ ಮಂತ್ರಿಪದವಿ ವರ್ಷಕ್ಕೆ ಒಂದು ವಾರದಿನ, ನಾಲ್ಕು ವರ್ಷಕ್ಕೊಮ್ಮೆ ಎರಡು ವಾರದಿನ ಮುಂದೆ ಸರಿಯುತ್ತದೆ. ಅಂದರೆ ಇಡೀ ಆಸ್ಥಾನದಲ್ಲಿ ಸ್ವತಂತ್ರವಾಗಿ ನಿಲ್ಲುವವು ಎರಡೇ ಅಂಶಗಳು: ರಾಜನಿಂದ ದೊರೆಯುವ ಚಾಂದ್ರವರ್ಷದ ಮೊದಲ ವಾರ, ಮಂತ್ರಿಯಿಂದ ದೊರೆಯುವ ಸೌರವರ್ಷದ ಮೊದಲ ವಾರ. ಉಮಾಸ್ವಾತಿಗಳ ಸೂತ್ರಾರ್ಥ ಇಲ್ಲಿ ಮತ್ತೆ ನೆನಪಾಗುತ್ತದೆ. ಸಂಕೇತದ ಪೋಷಾಕನ್ನು ತೆಗೆದರೆ ಉಳಿಯುವುದು ಕಾಲವಿಭಾಗ.

ಶಕ ೧೯೪೮ರ ಪರಾಭವ ಸಂವತ್ಸರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಚೈತ್ರ ಶುಕ್ಲ ಪ್ರತಿಪದೆ ೨೦೨೬ನೆಯ ಮಾರ್ಚ್ ೧೯, ಗುರುವಾರ. ಮೇಷಸಂಕ್ರಮಣ ಏಪ್ರಿಲ್ ೧೪, ಮಂಗಳವಾರ. ಆದುದರಿಂದ ಗುರು ರಾಜ, ಕುಜ ಮಂತ್ರಿ. ಆ ವರ್ಷ ಜ್ಯೇಷ್ಠವು ಅಧಿಕಮಾಸ. ಪರಾಭವವೆಂದರೆ ಸೋಲು, ಹೆಸರನ್ನು ಕೇಳಿ ಅಂಜುವವರಿದ್ದಾರೆ. ಆದರೆ ಅದೇ ವರ್ಷಕ್ಕೆ ಉತ್ತರದೇಶದ ಪಂಚಾಂಗಗಳಲ್ಲಿ ರೌದ್ರವೆಂಬ ಬೇರೆಯೇ ಹೆಸರು. ಉತ್ತರದವರು ಬೃಹಸ್ಪತಿಯ ಗತಿಯನ್ನು ಅನುಸರಿಸಿ ನಡುನಡುವೆ ಒಂದು ಹೆಸರನ್ನು ಲೋಪಮಾಡುತ್ತಾರೆ. ದಕ್ಷಿಣದವರು ಲೋಪವಿಲ್ಲದೆ ಅರವತ್ತನ್ನೂ ಸಾಲಾಗಿ ಎಣಿಸುತ್ತಾರೆ. ಒಂದೇ ಸೂರ್ಯನ ಕೆಳಗೆ ಒಂದೇ ವರ್ಷಕ್ಕೆ ಎರಡು ಹೆಸರುಗಳಿರುವಾಗ ಹೆಸರು ಫಲಕ್ಕೆ ಕಾರಕವಾಗಲಾರದು.

ಇದಕ್ಕೆ ವಿರುದ್ಧವಾದ ನಿದರ್ಶನ ಇನ್ನೂ ಮರ್ಮಭೇದಕವಾದುದು. ಕೋಲಾರ ಸೀಮೆ ಕಂಡ ಅತ್ಯಂತ ಘೋರವಾದ ಬರಗಾಲ ೧೮೭೬-೭೮ರದು. ೧೮೭೫ರಲ್ಲಿಯೇ ಮಳೆ ಕುಂದಿತ್ತು, ಮರುವರ್ಷ ಕೈಕೊಟ್ಟಿತು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟಿದ್ದುದು ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿಯಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಆ ಎರಡು ವರ್ಷಗಳ ಹೆಸರುಗಳು ಧಾತು ಮತ್ತು ಈಶ್ವರ. ಧರಿಸಿ ಪೋಷಿಸುವವನೆಂಬ ಅರ್ಥದ ಹೆಸರಿನ ವರ್ಷದಲ್ಲಿ ತಾಯಂದಿರು ಮಕ್ಕಳನ್ನು ಪೋಷಿಸಲಾರದೆ ಹೋದರು. ಜನರು ಆ ಬರವನ್ನು ಧಾತು ಈಶ್ವರರ ಹೆಸರಿನಿಂದಲೇ ನೆನಪಿನಲ್ಲಿ ಉಳಿಸಿಕೊಂಡರು. ಹೆಸರು ಬರವನ್ನು ಸೂಚಿಸಲಿಲ್ಲ. ಬರವೇ ಹೆಸರಿಗೆ ಅರ್ಥವನ್ನು ಕೊಟ್ಟಿತು. ಮುಂದಿನ ಪೀಳಿಗೆಗೆ ಆ ಹೆಸರು ಎಚ್ಚರಿಕೆಯಾಯಿತು. ಸಂವತ್ಸರದ ಹೆಸರು ಇತಿಹಾಸದಿಂದ ಸಂಕೇತವಾಗುವುದೇ ಹೊರತು ಸಂಕೇತದಿಂದ ಇತಿಹಾಸವಾಗುವುದಿಲ್ಲ.

ಹಾಗಾದರೆ ವರ್ಷಫಲದಲ್ಲಿ ಸತ್ತ್ವವಾದ ಭಾಗವೇ ಇಲ್ಲವೆ? ಉಂಟು. ಅದು ಹೆಸರು ಪದವಿಗಳಲ್ಲಿಲ್ಲ, ಅವಲೋಕನದಲ್ಲಿದೆ. ವರಾಹಮಿಹಿರನು ಒಂದು ಹಸ್ತ ಅಗಲದ ಪಾತ್ರೆಯಲ್ಲಿ ಮಳೆಯನ್ನು ಹಿಡಿದು ಆಢಕದಲ್ಲಿ ಅಳೆಯುವ ಕ್ರಮವನ್ನು ಹೇಳಿದ್ದಾನೆ. ಮೇಘಗರ್ಭವು ಕಟ್ಟಿದ ೧೯೫ ದಿನಗಳ ಮೇಲೆ ಮಳೆಯಾಗುವುದೆಂಬ ಗಣನೆಯನ್ನೂ ಕೊಟ್ಟಿದ್ದಾನೆ. ಈ ಗಣನೆ ಎಲ್ಲ ಕಡೆಯೂ ಸಾಧುವೆಂದು ಒಪ್ಪಬೇಕಾಗಿಲ್ಲ. ಆದರೆ ಮಾರ್ಗಶಿರದಿಂದ ಗಾಳಿ, ಮೋಡ, ಪರಿವೇಷಗಳನ್ನು ದಿನದಿನವೂ ನೋಡಿ ನೆನಪಿಡಬೇಕೆಂಬ ಶಿಕ್ಷಣ ಅದರಲ್ಲಿದೆ. ನಮ್ಮ ರೈತರು ಸೂರ್ಯನು ನಕ್ಷತ್ರವೊಂದರಲ್ಲಿ ನಿಲ್ಲುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದು 'ಮಳೆ'ಯೆಂದು ಕರೆದು, ರೋಹಿಣಿ, ಆರಿದ್ರೆ, ಉತ್ತರೆ, ಹಸ್ತೆಗಳಿಗೆ ಬಿತ್ತನೆ ಕಳೆ ಕೊಯ್ಲುಗಳನ್ನು ಹೊಂದಿಸಿಕೊಂಡಿರುವುದು ಇದೇ ಶಿಕ್ಷಣದ ಫಲ. ರಟ್ಟಮತದಂತಹ ಗ್ರಂಥಗಳನ್ನು ಈ ದೃಷ್ಟಿಯಿಂದ ಪ್ರದೇಶಪ್ರದೇಶದ ಅನುಭವದೊಡನೆ ಹೋಲಿಸಿ ಓದುವ ಕಾರ್ಯ ಆಗಬೇಕು.

ಕೊನೆಯದಾಗಿ ಹಸ್ತಪ್ರತಿಶಾಸ್ತ್ರದ ಪ್ರಯೋಜನ. ಲಿಪಿಕಾರರು ಶಕವರ್ಷವನ್ನು ಬಿಟ್ಟು ಸಂವತ್ಸರದ ಹೆಸರನ್ನಷ್ಟೇ ಬರೆದಿರುವ ಪ್ರತಿಗಳು ಹಲವು. ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ನಾಲ್ಕು ಶತಮಾನಗಳ ಅವಧಿಯಲ್ಲಿ ಆರೇಳು ವರ್ಷಗಳು ಎದುರಾಗುತ್ತವೆ. ಅದೇ ಕಟ್ಟಿನಲ್ಲಿ ಆ ಸಂವತ್ಸರದ ವರ್ಷಫಲದ ಗರಿಯಿದ್ದು ರಾಜ ಮಂತ್ರಿಗಳ ಹೆಸರು ದೊರೆತರೆ ಎರಡು ವಾರಗಳು ಕೈಗೆ ಸಿಕ್ಕಂತಾಯಿತು. ರಾಜನಿಂದ ಏಳರಲ್ಲಿ ಒಂದು ಭಾಗಕ್ಕೆ, ಮಂತ್ರಿಯಿಂದ ಮತ್ತೆ ಏಳರಲ್ಲಿ ಒಂದು ಭಾಗಕ್ಕೆ ಕ್ಷೇತ್ರ ಕುಗ್ಗುತ್ತದೆ; ಅಧಿಕಮಾಸದ ಉಲ್ಲೇಖವಿದ್ದರಂತೂ ನಿರ್ಣಯ ಇನ್ನಷ್ಟು ದೃಢ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಿಂದ ಈ ಪರೀಕ್ಷೆ ಸುಲಭ. ಈಗ ಗಣಕಯಂತ್ರದಿಂದ ಇನ್ನೂ ಸುಲಭ. 'ಗುರು ರಾಜ, ಕುಜ ಮಂತ್ರಿ, ಅಧಿಕ ಜ್ಯೇಷ್ಠ, ಪರಾಭವ' ಎಂಬಷ್ಟೇ ಉಳಿದ ಗರಿಯೊಂದು ಮುಂದೆಂದೋ ದೊರೆತರೂ ಅದು ಶಕ ೧೯೪೮ರದೆಂದು ಗುರುತಿಸುವುದು ಕಷ್ಟವಾಗದು. ಫಲ ಹೇಳಲು ಬರೆದ ಓಲೆ ಹೀಗೆ ಕಾಲವನ್ನು ಹೇಳುವ ಸಾಕ್ಷಿಯಾಗುತ್ತದೆ.

ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯ ಮೂಲಕ ಮೂಡಬಿದಿರೆ ಕಾರ್ಕಳಗಳ ಭಂಡಾರಗಳನ್ನು ವಿದ್ವಲ್ಲೋಕಕ್ಕೆ ತೆರೆದಿಟ್ಟರು. ಆ ದಾರಿಯನ್ನು ಮುಂದುವರಿಸುವವರು ವರ್ಷಫಲದ ಬಿಡಿ ಗರಿಗಳನ್ನು ಬೇರೆ ವರ್ಗವಾಗಿ ಎಣಿಸಿ, ಸಂವತ್ಸರ, ರಾಜ, ಮಂತ್ರಿ, ಅಧಿಕಮಾಸ, ಮಳೆಯ ಕೊಳಗ, ಹೆಸರಿಸಿದ ಧಾನ್ಯಗಳು, ಗರಿ ದೊರೆತ ಕಟ್ಟು ಇಷ್ಟನ್ನು ತಪ್ಪದೆ ನಮೂದಿಸುವುದು ಅಗತ್ಯ. ಕೆರೆಗಳನ್ನು ನಂಬಿದ ಬೂದಿಕೋಟೆಯಂತಹ ಸೀಮೆಗಳ ಮನೆಗಳಲ್ಲಿಯೂ ಇಂತಹ ಗರಿಗಳನ್ನು ಹುಡುಕಬೇಕು. ಹಳೆಯ ಪಂಚಾಂಗವೆಂದು ಒಲೆಗೆ ಹೋಗುವ ಓಲೆ ಮತ್ತೆ ಬರುವುದಿಲ್ಲ. ಗ್ರಹವು ಕೊಡುವುದಿಲ್ಲ, ಕಸಿಯುವುದಿಲ್ಲ, ಕಾಲವನ್ನು ಮಾತ್ರ ವಿಭಾಗಿಸುತ್ತದೆಂಬ ಆಚಾರ್ಯರ ನಿಲುವನ್ನು ಹಿಡಿದು ಓದುವವರಿಗೆ ಈ ಓಲೆಗಳಿಂದ ಸಮ್ಯಕ್ತ್ವಕ್ಕೆ ಹಾನಿಯಿಲ್ಲ, ಇತಿಹಾಸಕ್ಕೆ ಲಾಭವುಂಟು.